ನಾನೂರ ಎಂಬತ್ತಾರು

ಗಡಿಯಾರ ರಿಪೇರಿಯ ಯಜಮಾನರ ಕಿವಿ ಎಂಥದ್ದೆಂದರೆ, ಮೂರು ಬೀದಿ ಆಚೆ ಯಾರದೋ ಕೈಗಡಿಯಾರ ಅರೆ ಸೆಕೆಂಡು ಕುಂಟಿದರೂ ಇವರು ಇಲ್ಲಿ ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು. ಇದಕ್ಕೆ ಸಾಕ್ಷಿ ಹೇಳುವವರು ಅವರ ಬೀದಿಯಲ್ಲೇ ಹತ್ತು ಸಾವಿರ ಜನ ಸಿಗುತ್ತಾರೆ, ಇರುವುದು ನಲವತ್ತೇ ಮನೆಯಾದರೂ.

ಅಂಥವರಿಗೆ ಸಕ್ಕರೆ ಕಾಯಿಲೆ ಬಂತು. ನಿಮಗೆ ನಮಗೆ ಬರುವ ಹಾಗೆ ಕಳ್ಳಹೆಜ್ಜೆಯಲ್ಲಿ ಬರಲಿಲ್ಲ, ಮನೆಗೆ ಹೊಸ ಅಳಿಯ ಬಂದ ಹಾಗೆ ಬಂತು. ಹಿಂದೆಯೇ ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಯಂತ್ರ, ಅದಕ್ಕೊಂದು ಚೀಲ, ರಕ್ತದ ಹನಿ ಇಡಲು ಪಟ್ಟಿಗಳ ಡಬ್ಬಿ. ಪಟ್ಟಿಯ ಬೆಲೆ ತಿಂಗಳಿಗೊಮ್ಮೆ ಏರುತ್ತಿತ್ತು. ಯಜಮಾನರ ಅಕ್ಕ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದು ತಮ್ಮನ ಮನೆಯ ಆಡಳಿತ ಹಿಡಿದಾಕೆ, ಆ ಡಬ್ಬಿಯನ್ನು ಬೀರುವಿನಲ್ಲಿ ತನ್ನ ಚಿನ್ನದ ಬಳೆಗಳ ಪಕ್ಕದಲ್ಲಿ ಬಚ್ಚಿಟ್ಟಳು. ಯಜಮಾನರು ಮಾತ್ರ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಂಡು ಇಡೀ ಬೀದಿಗೆ ಕೇಳುವಂತೆ ಅಂಕಿ ಸಾರುತ್ತಿದ್ದರು. ಮನೆಗೆ ಬಂದ ನೆಂಟರಿಗೆ ಕಾಫಿಗಿಂತ ಮೊದಲು ಸೂಜಿ ಕಾಣುತ್ತಿತ್ತು. ಹಾಲಿನವನಿಗೂ ಚುಚ್ಚಿದರು. ಬೆಕ್ಕು ಓಡಿಹೋದದ್ದರಿಂದ ಉಳಿಯಿತು.

ಚುಚ್ಚದೆ ಉಳಿದ ಬೆರಳು ಮನೆಯೊಳಗೇ ಇತ್ತು. ಹೆಂಡತಿಯದು.

ಆ ಮನೆಯಲ್ಲಿ ಗಂಡಸಿನ ಕಾಯಿಲೆ ಆಸ್ಪತ್ರೆಗೆ ಹೋಗುತ್ತಿತ್ತು, ಹೆಂಗಸಿನ ಕಾಯಿಲೆ ಅಡಿಗೆಮನೆಯಲ್ಲೇ ಉಳಿಯುತ್ತಿತ್ತು. ಹಾಗೆಂದು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಆದರೂ ಅತ್ತೆಯ ಕಾಲದಿಂದ ನಡೆದು ಬಂದ ಆ ಪದ್ಧತಿ ಕಲ್ಲುಗೋಡೆಗಿಂತ ಗಟ್ಟಿಯಾಗಿತ್ತು. ಹೆಂಡತಿ ಒಲೆಯ ಪಕ್ಕದಲ್ಲೇ ಚೊಂಬಿಟ್ಟುಕೊಂಡು ಬಾವಿ ಬತ್ತುವಷ್ಟು ನೀರು ಕುಡಿಯುತ್ತಿದ್ದಳು. ಒಂದೇ ವರ್ಷದಲ್ಲಿ ರವಿಕೆಗಳನ್ನು ಮೂರು ಸಲ ಚಿಕ್ಕದು ಮಾಡಿ ಹೊಲಿದುಕೊಂಡಳು. ಕಾಲಿನ ಮೇಲೆ ಬಿಸಿನೀರು ಚೆಲ್ಲಿಕೊಂಡಾಗ ಕೂಗಲೇ ಇಲ್ಲ. ಗಾಯ ತಿಂಗಳಾದರೂ ಮಾಯಲಿಲ್ಲ.

ಶಾಲೆಯೊಂದರ ಆಫೀಸಿನಲ್ಲಿ ಟೈಪು ಮಾಡುವ ಮಗಳು ಬಂದಾಗ ಕೇಳಿದಳು. “ಅಪ್ಪಾ, ಬೀದಿಗೆಲ್ಲ ಚುಚ್ತೀರಲ್ಲ, ಅಮ್ಮಂಗೂ ಒಂದ್ಸಲ ನೋಡಿ.”

ಅಕ್ಕ ಹಪ್ಪಳದ ಹಾಗೆ ಸಿಡಿದಳು. “ಆ ಪಟ್ಟಿ ಏನು ಗಿಡದಲ್ಲಿ ಬಿಡುತ್ತಾ? ಹೆಂಗಸು ಅಂದ್ಮೇಲೆ ಸುಸ್ತು ಇದ್ದಿದ್ದೇ. ನಿನ್ನಜ್ಜಿ ಜ್ವರದಲ್ಲೇ ಇಪ್ಪತ್ತು ಜನಕ್ಕೆ ಬೇಯಿಸಿ ಹಾಕಿದೋಳು.”

“ಆಮೇಲೆ ಅಜ್ಜಿ ಎಷ್ಟು ದಿನ ಇದ್ಲು, ಅತ್ತೆ?”

“ಬಾಯಿ ನೋಡು ಇದರದ್ದು! ಓದಿಸಬೇಡ ಅಂದೆ, ಕೇಳಿದ್ನಾ ಇವನು?”

“ಮುಂದಿನ ತಿಂಗಳು ನೋಡೋಣ ಬಿಡಮ್ಮ,” ಎಂದರು ಯಜಮಾನರು. ಹೆಂಡತಿ ಮಧ್ಯೆ ಬಂದು, “ನಂಗೇನಾಗಿದೆ, ಕಲ್ಲುಗುಂಡಿನ ಹಾಗಿದೀನಿ,” ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಅದಾಗಿ ಎಂಟು ದಿನಕ್ಕೆ ಯಜಮಾನರು ಅಂಗಡಿಯಿಂದ ಬಂದಾಗ ಯಂತ್ರ ಮೇಜಿನ ನಡುವೆ ಇತ್ತು. ಗುಂಡಿ ಒತ್ತಿದರೆ ಹಿಂದಿನ ಅಂಕಿ ಮೂಡಿತು: ನಾನೂರ ಎಂಬತ್ತಾರು. ಸಮಯ, ಮಧ್ಯಾಹ್ನ ಮೂರು ಗಂಟೆ.

“ಲೇ ಇವಳೇ, ಬಾ ಇಲ್ಲಿ, ತಮಾಷೆ ನೋಡು! ಮೂರು ಗಂಟೆಗೆ ನಾನು ಅಂಗಡೀಲಿದ್ದೆ. ಮನುಷ್ಯನೇ ಇಲ್ಲದೆ ರಕ್ತ ಅಳೆಯೋ ಯಂತ್ರ! ಅದೂ ನಾನೂರ ಎಂಬತ್ತಾರು! ಅಷ್ಟಿದ್ರೆ ಇರುವೆ ಸಾಲುಗಟ್ಟಿ ಬಂದು ನನ್ನ ಹೊತ್ಕೊಂಡು ಹೋಗ್ತಿದ್ವು.”

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಸೆರಗಿನೊಳಗೆ ಕೈ. “ಕೆಟ್ಟಿದ್ಯಾ ಅದು?” ಎಂದಳು.

“ಕೆಟ್ಟಿದ್ಯಾ ಅಂತ ನನ್ನ ಕೇಳ್ತೀಯಾ? ಮೂವತ್ತು ವರ್ಷದಿಂದ ಕೆಟ್ಟ ಯಂತ್ರದ ಮುಖ ನೋಡಿದೋನು ನಾನು.”

ಆ ಮನೆಯಲ್ಲಿ ಇನ್ನೊಬ್ಬರ ಮೈಯಲ್ಲೂ ರಕ್ತ ಹರಿಯುತ್ತದೆ ಎಂಬುದು ಆ ಮಹಾಜಾಣರಿಗೆ ಹೊಳೆಯಲಿಲ್ಲ. ಔಷಧಿ ಅಂಗಡಿಗೆ ಹೋಗಿ ಜಗಳ ಆಡಿದರು. ಆ ಜಗಳ ಏಳು ದಿನ ನಡೆಯಿತೆಂದು ಅವರೇ ಹೇಳಿಕೊಳ್ಳುತ್ತಿದ್ದರು, ನಡೆದದ್ದು ಕಾಲು ಗಂಟೆ. ಯಂತ್ರವನ್ನು ಹಿಂದಕ್ಕೆ ಕೊಟ್ಟು, ಮೇಲೆ ದುಡ್ಡು ಸುರಿದು, ತೋಳಿಗೆ ಅಂಟಿಸುವ ಹೊಸ ಬಿಲ್ಲೆ ತಂದರು. ಚುಚ್ಚುವುದೇ ಬೇಡ, ಐದೈದು ನಿಮಿಷಕ್ಕೆ ಮೊಬೈಲಿಗೆ ಅಂಕಿ ಬರುತ್ತದೆ. ಒಂದು ಬಿಲ್ಲೆ ಒಬ್ಬರಿಗೇ. “ಹೋಗ್ಲಿ ಬಿಡು, ಹಳೇದರ ಹಾಗೆ ಎಲ್ಲರೂ ಕೈ ಹಾಕೋಕಾಗಲ್ಲ,” ಎಂದು ಅಕ್ಕ ಸಮಾಧಾನಪಟ್ಟಳು.

ಅದಾದ ಹದಿನಾರನೆಯ ದಿನ ಬೆಳಿಗ್ಗೆ ಮೊಬೈಲು ಟಿಂಗ್ ಎಂದಿತು. “ನೂರ ಮೂವತ್ತೆಂಟು! ಯುವರಾಜನ ರಕ್ತ!” ಎಂದು ಯಜಮಾನರು ಕೂಗಿದರು. ಅಡಿಗೆಮನೆಯಿಂದ ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಹೆಂಡತಿ ಪಾತ್ರೆಗಳ ನಡುವೆ ಒರಗಿ ಕೂತಿದ್ದಳು. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ.

ಆಸ್ಪತ್ರೆಯಲ್ಲಿ ಇನ್ನೂ ಮೂವತ್ತು ದಾಟದ ಡಾಕ್ಟರಮ್ಮ ಕಾಗದ ನೋಡಿ ತಲೆ ಎತ್ತಿದರು. “ಐನೂರ ಮೂವತ್ತಿದೆ. ಕಾಲಿನ ನಂಜು ಮೈಗೆಲ್ಲ ಏರಿದೆ. ಮನೇಲಿ ಒಂದ್ಸಲನೂ ನೋಡಿರಲಿಲ್ವಾ?”

ಯಜಮಾನರ ತೋಳಿನ ಬಿಲ್ಲೆಯ ಮೇಲೆ ಡಾಕ್ಟರಮ್ಮನ ಕಣ್ಣು ಬಿತ್ತು.

ಹೆಂಡತಿಯ ಸುತ್ತ ಐದು ಯಂತ್ರ ನಿಂತವು. ಓಡಾಡಿಕೊಂಡಿದ್ದಾಗ ಒಂದು ಪಟ್ಟಿ ದುಬಾರಿಯಾಗಿದ್ದವಳಿಗಾಗಿ ಈಗ ಅಂಗಡಿಯೇ ಅಡವು ಬಿತ್ತು. ಮೂರನೆಯ ದಿನ ಅವಳಿಗೆ ಸ್ವಲ್ಪ ತಿಳಿವು ಬಂತು.

“ಮನೇಲಿ ಒಂದ್ಸಲನೂ ನೋಡಿಲ್ವಂತೆ ಅಂದ್ರು ಡಾಕ್ಟರಮ್ಮ, ನೀವ್ಯಾಕೆ ಸುಮ್ನಿದ್ರಿ? ನಾನು ನೋಡ್ಕೊಂಡಿದ್ದೆ ಅಂತ ಹೇಳೋದಲ್ವಾ?” ಎಂದಳು.

“ಯಾವಾಗ?”

“ಅವತ್ತು ಮಧ್ಯಾಹ್ನ, ನಿಮ್ಮಕ್ಕ ಮಲಗಿದ್ದಾಗ ಒಂದು ಪಟ್ಟಿ ತಗೊಂಡು. ನಿಮ್ಮ ಕಣ್ಣಿಗೆ ಬೀಳ್ಲಿ ಅಂತ ಮೇಜಿನ ಮೇಲೇ ಇಟ್ಟಿದ್ದೆ. ನೀವು ಕೆಟ್ಟಿದೆ ಅಂದ್ರಿ. ಯಂತ್ರದ ವಿಷಯ ನಿಮಗಿಂತ ನಂಗೆ ಗೊತ್ತಾ? ಅಬ್ಬಾ, ಬದುಕಿದೆ ಅಂದ್ಕೊಂಡೆ.”

ಐದನೆಯ ದಿನ ಅವಳು ಹೋದಳು.

ಮಾತಾಡಿಸಲು ಬಂದವರಿಂದ ಮನೆ ತುಂಬಿತು. ಒಬ್ಬೊಬ್ಬರೂ ಒಂದೊಂದು ಸಮಾಧಾನ ಹೊತ್ತು ತಂದರು. “ಎಂಥಾ ದೊಡ್ಡ ಆಸ್ಪತ್ರೆಗೆ ಸೇರಿಸಿದ್ರಿ! ನಿಮ್ಮ ಕೈಲಾದ್ದೆಲ್ಲ ಮಾಡಿದ್ರಿ.” “ಯಾರಿಗೂ ತೊಂದರೆ ಕೊಡದೆ ಹೋದ್ಲು, ಪುಣ್ಯಾತಗಿತ್ತಿ.”

ಮೂಲೆಯಲ್ಲಿ ಕೂತಿದ್ದ ಯಜಮಾನರು ಎದ್ದು ನಿಂತರು. “ತೊಂದರೆ ಕೊಡಬೇಕಾಗಿತ್ತು ಅವಳು,” ಎಂದರು. “ಕಿರುಚಬೇಕಾಗಿತ್ತು. ಕಿರುಚಿದ್ರೂ ನಂಗೆ ಕೇಳಿಸ್ತಿತ್ತೋ ಇಲ್ವೋ. ಅವಳ ರಕ್ತದ ಅಂಕಿ ನನ್ನ ಕೈಲೇ ಇತ್ತು ಸ್ವಾಮಿ. ನಾನು ಅದನ್ನ ತಗೊಂಡು ಹೋಗಿ ಅಂಗಡಿಗೆ ವಾಪಸು ಕೊಟ್ಟು ಬಂದೆ. ದಯವಿಟ್ಟು ನನ್ನ ಹೊಗಳಬೇಡಿ.”

ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು. ಮಗಳು ಅಪ್ಪನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

ಆ ಸಂಜೆ ಅಕ್ಕ ಬಂದು ಬಾಗಿಲು ಹಿಡಿದು ನಿಂತಳು. ಪೊಲೀಸರನ್ನೂ ಗದರಿಸುವ ಹೆಂಗಸು, ಅವತ್ತು ಮೆತ್ತಗೆ ಮಾತಾಡಿದಳು.

“ಪಟ್ಟಿ ಬಚ್ಚಿಟ್ಟೋಳು ನಾನು ಕಣೋ,” ಎಂದಳು. ಆಮೇಲೆ ಇನ್ನೂ ಮೆತ್ತಗೆ, “ನನ್ನೆದೇಲೂ ಒಂದು ಗಂಟಿದೆ. ಎರಡು ವರ್ಷ ಆಯ್ತು. ನಿನ್ನ ಖರ್ಚೇ ಹೆಚ್ಚಾಗಿರುವಾಗ ನಂದೇನು ಅಂತ...”

ಮಾರನೆಯ ಬೆಳಿಗ್ಗೆ ಯಜಮಾನರು ಅಂಗಡಿಯ ಬಾಗಿಲು ತೆರೆಯಲಿಲ್ಲ. “ಸ್ಕ್ಯಾನು ಅಂದ್ರೆ ಸಿಕ್ಕಾಪಟ್ಟೆ ದುಡ್ಡಂತೆ ಕಣೋ, ವಯಸ್ಸಾದೋಳು ನಾನು, ಬಿಡು,” ಎಂದು ದಾರಿಯುದ್ದಕ್ಕೂ ರಾಗ ಎಳೆಯುತ್ತಿದ್ದ ಅಕ್ಕನನ್ನು ಅದೇ ಡಾಕ್ಟರಮ್ಮನ ಮುಂದೆ ಕೂರಿಸಿದರು.

“ಏನಾಗ್ತಿದೆಯಮ್ಮ?”

ಅಕ್ಕ ತಮ್ಮನ ಮುಖ ನೋಡಿದಳು. ತನ್ನ ಮೈಯ ವಿಷಯವನ್ನೂ ಗಂಡಸೇ ಹೇಳಬೇಕೆಂಬ ಅರವತ್ತು ವರ್ಷದ ಅಭ್ಯಾಸ.

“ನೀನೇ ಹೇಳಕ್ಕ,” ಎಂದು ಯಜಮಾನರು ಗೋಡೆಯ ಪಕ್ಕಕ್ಕೆ ಸರಿದರು.

ಅಕ್ಕ ಹೇಳತೊಡಗಿದಳು. ಎದೆಯ ಗಂಟಿನಿಂದ ಶುರುವಾದದ್ದು ಮೊಣಕಾಲಿಗೆ ಇಳಿಯಿತು, ಸೊಂಟಕ್ಕೆ ಹತ್ತಿತು, ಹದಿನೆಂಟನೆಯ ವಯಸ್ಸಿನಲ್ಲಿ ಹೆತ್ತು ಉಳಿಸಿಕೊಳ್ಳಲಾಗದ ಕೂಸಿನವರೆಗೂ ಹೋಯಿತು. ಹೊರಗೆ ಸರದಿಯಲ್ಲಿದ್ದವರು ಗೊಣಗಿದರು. ಡಾಕ್ಟರಮ್ಮ ತಡೆಯಲಿಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಇದರಲ್ಲಿ ಒಂದು ಮಾತನ್ನೂ ಕೇಳಿರದ ತಮ್ಮ, ತಲೆ ತಗ್ಗಿಸಿ ಕೊನೆಯವರೆಗೂ ನಿಂತೇ ಕೇಳಿದರು. ಈ ಕಥೆಯಲ್ಲಿ ಉಳಿದದ್ದನ್ನೆಲ್ಲ ನಾನು ಹತ್ತರಷ್ಟು ಹಿಗ್ಗಿಸಿ ಹೇಳಿದ್ದುಂಟು. ಇದನ್ನಲ್ಲ.