ಭಾವನ ಹಲ್ಲು ಸೆಟ್

ಈ ವಯಸ್ಸಿನಲ್ಲೂ ನಾನು ಕೊಬ್ಬರಿಯನ್ನು ಕಡಿದೇ ತಿನ್ನುತ್ತೇನೆ. ಚಕ್ಕುಲಿಯನ್ನು ಚಹದಲ್ಲಿ ನೆನೆಸುವುದಿಲ್ಲ. ನೋಡಿದವರು ಗುಟ್ಟೇನು ಎಂದು ಕೇಳುತ್ತಾರೆ. ಉಪ್ಪು ಎನ್ನುತ್ತೇನೆ, ಭತ್ತದ ಹೊಟ್ಟು ಸುಟ್ಟ ಕರಿ ಎನ್ನುತ್ತೇನೆ, ಏನು ತಿಂದರೂ ಬಾಯಿ ಮುಕ್ಕಳಿಸಿ ಎನ್ನುತ್ತೇನೆ. ಎಲ್ಲ ನಿಜವೇ. ಆದರೆ ಜ್ವರ ಬಂದ ದಿನವೂ, ಹೆರಿಗೆಯಾದ ಮರುದಿನವೂ ಬಿಡದೆ ನನ್ನ ಕೈ ಹಿಡಿದು ಹಲ್ಲುಜ್ಜಿಸಿದ್ದು ಸಿಟ್ಟು. ಆ ಸಿಟ್ಟು ನನ್ನ ಗಂಡನ ಅಣ್ಣ ವೆಂಕಟ್ರಮಣ ಭಟ್ಟರ ಮೇಲಿನದು.

೧೯೫೮ರಲ್ಲಿ ಮದುವೆಯಾಗಿ ಕಾಗಾಲಕ್ಕೆ ಬಂದೆ. ತವರು ಕುಮಟೆ ಪೇಟೆ. ಅಪ್ಪ ಅಲ್ಲಿ ಒಬ್ಬ ಡಾಕ್ಟರ ಹತ್ತಿರ ಕಂಪೌಂಡರ್ ಆಗಿದ್ದರು. ದವಡೆ ಊದಿಸಿಕೊಂಡು ಬರುವವರ ಬಾಯಿ ನೋಡಿ ನೋಡಿ ಹೆದರಿ, ನನಗೂ ತಂಗಿ ವನಮಾಲಾಳಿಗೂ ಮುಂಬಯಿಯಿಂದ ಬ್ರಷ್ ತರಿಸಿಕೊಟ್ಟಿದ್ದರು. ನನ್ನದು ಗುಲಾಬಿ ಬಣ್ಣದ್ದು. ಮದುವೆಯ ಪೆಟ್ಟಿಗೆಯಲ್ಲಿ ಸೀರೆಗಳ ಜೊತೆ ಅದೂ ಬಂತು. ಮುಚ್ಚಿಡಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಬಚ್ಚಲ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟೆ.

ಮೂರನೆಯ ಬೆಳಿಗ್ಗೆ ಭಾವನ ಕಣ್ಣಿಗೆ ಬಿತ್ತು. ತಮ್ಮನ ಹೆಂಡತಿಯನ್ನು ನೇರವಾಗಿ ಮಾತಾಡಿಸುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಅವರು ಅಕ್ಕನನ್ನು, ಎಂದರೆ ಅವರ ಹೆಂಡತಿ ಮಹಾಲಕ್ಷ್ಮಿಯನ್ನು ಕರೆದು ಕೇಳಿದರು.

"ಇದೆಂತದು?"

"ಸಣ್ಣ ಕೂಸಿಂದು. ಹಲ್ಲು ತಿಕ್ಕುದಡ." ಸಣ್ಣ ಕೂಸು ಎಂದರೆ ನಾನು.

"ಇದ್ರ ಕೂದ್ಲು ಯಾವುದ್ರದ್ದು ಗೊತ್ತಿದ್ದಾ? ಹಂದಿದು! ಪೇಟೆಲಿ ಎಲ್ಲರೂ ಹೇಳ್ತ."

ನಾನು ಬಾಗಿಲ ಹಿಂದೆ ನಿಂತು ಅಕ್ಕನಿಗೆ ಕೇಳುವಷ್ಟು ಜೋರಾಗಿ ಹೇಳಿದೆ. "ಹಂದಿದಲ್ಲ ಅಕ್ಕ, ನೈಲಾನು. ಅದ್ರ ಡಬ್ಬಿ ಮೇಲೆ ಬರೆದಿದ್ದು."

"ನೈಲಾನು ಹೇಳ್ರೆ ಯಾವ ಪ್ರಾಣಿ?" ಎಂದರು ಭಾವ.

ನನಗೆ ನಗು ಬಂತು. ಹದಿನೆಂಟು ವರ್ಷ, ತಡೆಯಲಿಕ್ಕಾಗಲಿಲ್ಲ. ಆ ನಗು ಜಗಲಿಯವರೆಗೆ ಕೇಳಿತು. ಬ್ರಷ್ಷನ್ನು ಅವರು ಕ್ಷಮಿಸುತ್ತಿದ್ದರೋ ಏನೋ, ನಗುವನ್ನು ಕ್ಷಮಿಸಲಿಲ್ಲ.

ಇಕ್ಕಳದಲ್ಲಿ ಹಿಡಿದು ಬ್ರಷ್ಷನ್ನು ಬಚ್ಚಲ ಒಲೆಗೆ ಹಾಕಿದರು. ಆಮೇಲೆ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆಸಿ, ಅಂಗಳದಲ್ಲಿ ನನ್ನನ್ನು ಕೂರಿಸಿ, ಮಂತ್ರ ಹೇಳಿ ಮೂರು ಸಲ ಪಂಚಗವ್ಯ ಕುಡಿಸಿದರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿ ನಕ್ಕರು. ನನ್ನ ಗಂಡ ಕಮಲಾಕರ ಕುಮಟೆಯ ಕಚೇರಿಯಲ್ಲಿ ಗುಮಾಸ್ತ, ಓದಿದವನು, ನೈಲಾನು ಏನೆಂದು ಬಲ್ಲವನು. ಅವನು ತೆಂಗಿನ ಮರ ನೋಡುತ್ತ ನಿಂತಿದ್ದ. ಅಣ್ಣನ ಎದುರು ಅವನಿಗೆ ಎಂದೂ ಬಾಯಿ ಬರುತ್ತಿರಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆ. ಮದುವೆಯಾದ ಹೊಸತರಲ್ಲಿ ಹೆಣ್ಣುಮಕ್ಕಳು ನುಂಗಿಕೊಳ್ಳುವುದು ಒಂದೇ ಎರಡೇ.

ಮರುವರ್ಷ ವನಮಾಲಾಳಿಗೆ ಹೊನ್ನಾವರದ ಕಡೆಯ ಸಂಬಂಧ ಬಂತು. ಸುಬ್ರಾಯ ಹೆಗಡೆಯವರ ಹಿರಿಮಗ, ಶಾಲೆಯ ಮಾಸ್ತರ. ಜಾತಕ ಕೂಡಿತ್ತು, ಹುಡುಗ ಬಂದು ನೋಡಿ ಹೋಗಿದ್ದ, ತಂಗಿ ಅವನ ಹೆಸರು ಕೇಳಿದರೆ ಒಳಗೆ ಓಡುತ್ತಿದ್ದಳು. ಆ ಹೆಗಡೆಯವರ ಮನೆಗೆ ಪುರೋಹಿತರು ನಮ್ಮ ಭಾವ. ಹೆಗಡೆಯವರು ಒಂದು ಮಾತು ಕೇಳಿದರಂತೆ, ಹೆಣ್ಣಿನ ಮನೆ ಹೇಗೆ ಎಂದು. ಭಾವ ಹೇಳಿದ್ದು ಇಷ್ಟೇ, "ಹಂದಿ ಕೂದ್ಲು ಬಾಯಿಗೆ ಹಾಕ್ವ ಮನೆ. ಒಂದರದ್ದು ನಾ ಶುದ್ಧ ಮಾಡಿದ್ದೆ. ಇನ್ನೊಂದರದ್ದು ನಿಂಗ ನೋಡ್ಕಳಿ."

ಜಾತಕ ವಾಪಸು ಬಂತು. ಹಿಂದೆಯೇ ಆ ಮಾತೂ ಬಂತು. ಕುಮಟೆಯಿಂದ ಹೊನ್ನಾವರದವರೆಗೆ ನಮ್ಮವರ ಮನೆಗಳಲ್ಲೆಲ್ಲ ಅದು ತಿರುಗಿತು. ಮುಂದೆ ಯಾರೂ ವನಮಾಲಾಳ ಜಾತಕ ಕೇಳಲಿಲ್ಲ. ಅಪ್ಪ ಮನೆಮನೆ ಅಲೆದರು. ತಂಗಿ ಹೊಲಿಗೆ ಕಲಿತು, ಕಿಟಕಿಯ ಹತ್ತಿರ ಮಿಷನ್ ಹಾಕಿಕೊಂಡು, ಬೇರೆ ಹುಡುಗಿಯರ ಮದುವೆಯ ರವಿಕೆ ಹೊಲಿಯತೊಡಗಿದಳು. ನಾನು ತವರಿಗೆ ಹೋದಾಗ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನ್ನ ಸಿಟ್ಟು ಎರಡು ಪಾಲಾಗುತ್ತಿತ್ತು. ಪೂರ್ತಿ ಭಾವನಿಗೇ ಉಳಿಯಿತು.

ನಾನೇನು ಮಾಡಬಹುದಿತ್ತು? ಅವರ ಎದುರು ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ. ಕೈಯಲ್ಲಿದ್ದದ್ದು ಒಂದೇ, ನನ್ನ ಬಾಯಿ. ಉಪ್ಪನ್ನು ನುಣ್ಣಗೆ ಅರೆದು, ಕರಿಯನ್ನು ಬಟ್ಟೆಯಲ್ಲಿ ಸೋಸಿ, ಎರಡನ್ನೂ ಕೂಡಿಸಿ ಭರಣಿಯಲ್ಲಿಟ್ಟೆ. ಬೆಳಿಗ್ಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಬೆರಳಿನಿಂದ ಒಸಡು ಸಹಿತ ತಿಕ್ಕಿದೆ. ಎಲೆಯಡಿಕೆಯ ಕವಳ ಮುಟ್ಟಲಿಲ್ಲ. ಬೆಲ್ಲ ತಿಂದರೆ ನೀರು ಹಾಕಿ ತೊಳೆದೆ. ಈ ಮನುಷ್ಯನ ಬಾಯಿ ಬೊಚ್ಚಾಗಬೇಕು, ನನ್ನದು ಹೀಗೇ ಇರಬೇಕು ಎಂದು ಹಟ ಹಿಡಿದೆ. ಇದನ್ನು ಕೆಟ್ಟ ಬುದ್ಧಿ ಎನ್ನುವವರು ಎನ್ನಲಿ.

ಅವರ ಬಾಯಿ ಕೆಡಲು ನನ್ನ ಶಾಪ ಬೇಕಿರಲಿಲ್ಲ. ಅವರ ಮಡಿಯೇ ಸಾಕಿತ್ತು. ಅಮಾವಾಸ್ಯೆಗೆ ಹಲ್ಲು ಉಜ್ಜಬಾರದು, ಹುಣ್ಣಿಮೆಗೆ ಉಜ್ಜಬಾರದು. ಪಾಡ್ಯ, ಷಷ್ಠಿ, ಅಷ್ಟಮಿ, ನವಮಿ, ಏಕಾದಶಿ, ಚತುರ್ದಶಿ ಇವಕ್ಕೂ ಇಲ್ಲ. ಆದಿತ್ಯವಾರ ಇಲ್ಲ. ಶ್ರಾದ್ಧದ ದಿನ ಇಲ್ಲವೇ ಇಲ್ಲ. ಆ ದಿನಗಳಲ್ಲಿ ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಆಯಿತು. ಬೇರೆಯವರು ಇದನ್ನು ಒಂದಿಷ್ಟು ನಡೆಸುತ್ತಿದ್ದರು, ಒಂದಿಷ್ಟು ಬಿಡುತ್ತಿದ್ದರು. ಭಾವ ಒಂದನ್ನೂ ಬಿಟ್ಟವರಲ್ಲ. ಪುರೋಹಿತರಾದ್ದರಿಂದ ಊರವರ ಶ್ರಾದ್ಧವೆಲ್ಲ ಅವರಿಗೂ ಶ್ರಾದ್ಧವೇ. ತಿಂಗಳಲ್ಲಿ ಹಲ್ಲುಜ್ಜುವ ಮಾವಿನೆಲೆ ಬಾಯಿಗೆ ಹೋಗುತ್ತಿದ್ದುದು ಎಂಟೋ ಹತ್ತೋ ದಿನ. ಆದರೆ ಹೋಳಿಗೆ, ಪಾಯಸ, ಕೇಸರಿಗೆ ನಿಷೇಧದ ತಿಥಿ ಯಾವುದೂ ಇರಲಿಲ್ಲ. ಅದರ ಮೇಲೆ ಹೊಗೆಸೊಪ್ಪಿನ ಕವಳ.

ಮೊದಲು ದವಡೆ ಹಲ್ಲು ಹೋಯಿತು. ಲವಂಗದ ಎಣ್ಣೆ ಹಚ್ಚಿಕೊಂಡು ಕೆನ್ನೆ ಹಿಡಿದು ಕೂತಿರುತ್ತಿದ್ದರು. ನಾನು ಒಳಗೆ ಕೂತು ಸಂತೋಷಪಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಅವರು ನರಳಿದ ದಿನ ನನ್ನ ಕೈಯ ಸಾರು ರುಚಿಯಾಗುತ್ತಿತ್ತು. ಆರು ವರ್ಷಗಳಲ್ಲಿ ಮೇಲಿನ ಸಾಲು ಪೂರ್ತಿ ಹೋಯಿತು. ಕೆಳಗೆ ಉಳಿದ ನಾಲ್ಕೈದು ಅಲ್ಲಾಡುತ್ತಿದ್ದವು.

ಆಗ ಅವರ ಮಂತ್ರ ಕೆಟ್ಟಿತು. ಭಾವನ ಕಂಠ ದೊಡ್ಡದು, ಅಕ್ಷರ ಸ್ಪಷ್ಟ, ಅದಕ್ಕೇ ದೂರದೂರದವರು ಕರೆಯುತ್ತಿದ್ದರು. ಈಗ 'ಸ್ವಸ್ತಿ' ಎನ್ನಲು ಹೋದರೆ ಬರೀ ಗಾಳಿ ಬರುತ್ತಿತ್ತು. ಮದುವೆ ಮನೆಯಲ್ಲಿ ಹುಡುಗಿಯರು ಕಿಸಕ್ಕೆಂದು ನಕ್ಕರಂತೆ. ಯಜಮಾನರು ಒಬ್ಬೊಬ್ಬರಾಗಿ ಬೇರೆ ಭಟ್ಟರನ್ನು ಕರೆದರು. ಮಂತ್ರವೊಂದನ್ನು ಬಿಟ್ಟು ಬೇರೇನೂ ಅರಿಯದ ಮನುಷ್ಯ ಹಗಲೆಲ್ಲ ಜಗಲಿಯಲ್ಲಿ ಕೂರತೊಡಗಿದರು. ತುಟಿ ಒಳಗೆ ಹೋಗಿ ಮುಖ ಸಣ್ಣದಾಯಿತು.

ಕುಮಟೆಯಲ್ಲಿ ಹೊಸದಾಗಿ ಹಲ್ಲಿನ ಡಾಕ್ಟರೊಬ್ಬರು ಬಂದಿದ್ದರು. ಕಮಲಾಕರನೇ ಅಣ್ಣನನ್ನು ಕರೆದುಕೊಂಡು ಹೋಗಿ, ಉಳಿದವನ್ನೂ ಕೀಳಿಸಿ, ಅಳತೆ ಕೊಡಿಸಿ ಬಂದ. ಅದು ೧೯೬೯. ಸೆಟ್ ತಯಾರಾದಾಗ ನಾನು ತವರಿನಲ್ಲಿದ್ದೆ. ಬರುವಾಗ ತಾ ಎಂದು ಹೇಳಿ ಕಳಿಸಿದ.

ಡಾಕ್ಟರು ಗಾಜಿನ ಬಟ್ಟಲಲ್ಲಿ ಅದನ್ನು ತೋರಿಸಿದರು. ರಾತ್ರಿ ನೀರಲ್ಲಿಡಬೇಕು, ಬಿಸಿನೀರು ತಾಗಿಸಬಾರದು, ದಿನಾ ತೊಳೆಯಬೇಕು ಎಂದರು. ತೊಳೆಯಲಿಕ್ಕೆ ಒಂದು ಬ್ರಷ್ಷನ್ನೂ ಜೊತೆಗಿಟ್ಟರು.

"ಇದು ಯಾವುದಾದ್ರೂ ಪ್ರಾಣಿ ಎಲುಬಾ ಡಾಕ್ಟ್ರೇ?" ಎಂದು ಕೇಳಿದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅವರು ಕೇಳಿದರೆ ಹೇಳಬೇಕಲ್ಲ ಎಂದು ಕೇಳಿದ್ದು.

"ಛೇ ಛೇ, ಎಲುಬು ಯಂತಕ್ಕೆ ಅಮ್ಮಾ? ಪ್ಲಾಸ್ಟಿಕ್ ಜಾತಿದು. ಭಟ್ರಿಗೆ ಹೆದರ್ಬೇಡಿ ಹೇಳಿ," ಎಂದು ಡಾಕ್ಟರು ನಕ್ಕರು.

ಭಾವ ಏನೂ ಕೇಳಲಿಲ್ಲ. ಸೆಟ್ ಹಾಕಿಕೊಂಡು ದೇವರ ಕೋಣೆಗೆ ಹೋಗಿ ಮಂತ್ರ ಹೇಳಿದರು. ಮೊದಲ ದಿನ ತೊಡರಿತು. ಎಂಟು ದಿನದಲ್ಲಿ ಒಂದೊಂದು ಅಕ್ಷರವೂ ಮಣಿ ಪೋಣಿಸಿದ ಹಾಗೆ ಬಂತು. ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ನನಗೂ ಒಂದು ಗಳಿಗೆ ಆ ಧ್ವನಿ ಕೇಳಿ ಹಿತವಾಯಿತು ಎಂದರೆ ನಂಬುತ್ತೀರಾ?

ಆದರೆ ಮರುದಿನ ಬಚ್ಚಲಿಗೆ ಹೋದೆ. ಗೂಡಿನಲ್ಲಿ ಬ್ರಷ್ ಇತ್ತು. ಅವರದು. ತೊಳೆದು, ನೀರು ಇಳಿಯಲೆಂದು ಓರೆಯಾಗಿ ನಿಲ್ಲಿಸಿದ್ದರು. ಇಕ್ಕಳ ಇಲ್ಲ, ಒಲೆ ಇಲ್ಲ, ಪಂಚಗವ್ಯ ಇಲ್ಲ, ನೋಡಲು ಊರ ಹೆಂಗಸರಿಲ್ಲ. ಅಕ್ಕನನ್ನು ಕೇಳಿದೆ. "ಅದು ಬಾಯಿಗೆ ಹಾಕ್ತ್ವಿಲ್ಲೆ ಅಲ್ದಾ, ಸೆಟ್ಟು ತೊಳಿಯುಲೆ. ತೊಂದ್ರಿಲ್ಲೆ ಹೇಳಿದ," ಎಂದಳು. ನನ್ನ ಮೈಯೆಲ್ಲ ಉರಿಯಿತು. ತಂಗಿಗೆ ಆಗ ಇಪ್ಪತ್ತೇಳು ತುಂಬಿತ್ತು.

ಆ ವಾರವೇ ಸುಬ್ರಾಯ ಹೆಗಡೆಯವರು ಹೊನ್ನಾವರದಿಂದ ಬಂದರು. ಮೊಮ್ಮಗನ ಉಪನಯನ. ಭಟ್ಟರಿಗೆ ಹಲ್ಲು ಬಂದಿದೆಯಂತೆ, ಕೇಳಿ ನೋಡಿ ಒಪ್ಪಿಸುವ ಎಂದು ಬಂದದ್ದು. ಮೊಮ್ಮಗ ಎಂದರೆ ಆ ಮಾಸ್ತರನ ಮಗ. ಭಾವ ಅವರೆದುರು ಅರ್ಧ ಗಂಟೆ ಮಂತ್ರ ಹೇಳಿದರು. ಹೆಗಡೆಯವರು ತಲೆದೂಗಿದರು. ಈ ಮನೆ ಒಪ್ಪಿದರೆ ಉಳಿದ ಮನೆಗಳೂ ತಿರುಗಿ ಬರುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು. ಊಟಕ್ಕೆ ಎಲೆ ಹಾಕಿದೆವು. ಅಕ್ಕ ವಡೆ ಮಾಡಿದ್ದಳು, ಭಾವ ಅದನ್ನು ಕಟುಂಕಟುಂ ಎಂದು ಎಲ್ಲರಿಗೂ ಕೇಳುವ ಹಾಗೆ ಕಡಿಯುತ್ತಿದ್ದರು.

ನಾನು ತುಪ್ಪ ಬಡಿಸುತ್ತಿದ್ದೆ. ಗಂಡನ ಎಲೆಯ ಮುಂದೆ ನಿಂತು ಅವನನ್ನೇ ಕೇಳಿದೆ.

"ಹೋಯ್, ಭಾವನ ಹಲ್ಲು ಎಂತದ್ರಲ್ಲಿ ಮಾಡಿದ್ದಡ? ಎಲುಬಲ್ಲ ಅಲ್ದಾ?"

ಕಟುಂಕಟುಂ ನಿಂತಿತು. ಕಮಲಾಕರ ನನ್ನ ಮುಖ ನೋಡಿದ. "ನಂಗೆ ಗೊತ್ತಿಲ್ಲೆ," ಎಂದ, ಪಾಪ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹೆಗಡೆಯವರು ಕೈ ಎಲೆಯಿಂದ ಹಿಂದೆಗೆದರು.

"ಭಟ್ರೇ, ಎಂತದ್ದು ಅದು?"

ಭಾವನ ಬಾಯಲ್ಲಿ ವಡೆ ಇತ್ತು. ನುಂಗುವಂತಿಲ್ಲ, ಉಗಿಯುವಂತಿಲ್ಲ. ಬ್ರಷ್ ಕಂಡಾಗ ಯಾವ ಪ್ರಾಣಿ ಎಂದು ಕೇಳಿದವರು ಇದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ, ಅಷ್ಟು ಬೇಕಾಗಿತ್ತು ಅವರಿಗೆ ಆ ಹಲ್ಲು. ಎದ್ದು ಬಚ್ಚಲಿಗೆ ಹೋದರು. ವಾಂತಿ ಮಾಡಿದ್ದು ಊಟದ ಮನೆಗೆ ಕೇಳಿತು. ಹೆಗಡೆಯವರು ಉಪನಯನದ ಮಾತೆತ್ತದೆ, ಕವಳವನ್ನೂ ಹಾಕದೆ ಹೋದರು.

ನಾನು ಎಲೆ ತೆಗೆದು ಗೋಮಯ ಹಚ್ಚಿದೆ. ಈಗ ನನ್ನ ತಂಗಿಯನ್ನು ಕರೆದು ತೋರಿಸಬೇಕಿತ್ತು ಎನ್ನಿಸಿತು.

ಎರಡು ದಿನ ಭಾವ ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಸೆಟ್ ಬಟ್ಟಲಲ್ಲೇ ಇತ್ತು. ಮೂರನೆಯ ಬೆಳಿಗ್ಗೆ ಗಂಡ ಜಗಲಿಯಲ್ಲಿ ಹೇಳುವುದು ಕೇಳಿತು. "ಅಣ್ಣ, ನಾ ಡಾಕ್ಟ್ರ ಹತ್ರ ಕೇಳ್ಕಂಡು ಬತ್ತೆ."

"ಬ್ಯಾಡ. ಮಾರುವವ ಎಲುಬು ಹೇಳಿ ಒಪ್ಕತ್ನಾ?" ಎಂದರು ಭಾವ. ಮಾತು ಮತ್ತೆ ಗಾಳಿಯಾಗಿತ್ತು, ಕಿವಿಗೊಟ್ಟು ಕೇಳಬೇಕಿತ್ತು. "ನಿನ್ನ ಹೆಂಡತಿಯೇ ತಂದದ್ದು, ಕಂಪೌಂಡರನ ಮಗಳು. ಅದಕ್ಕೆ ಗೊತ್ತಿರ್ತು. ಅದು ಸುಳ್ಳು ಹೇಳ್ತಿಲ್ಲೆ. ಆವತ್ತು ಬ್ರಷ್ಷನ್ನೂ ಮುಚ್ಚಿಟ್ಟಿದ್ದಿಲ್ಲೆ ಅದು."

ಹೀಗೆ ಹೇಳಿ ಅವರೇ ಎದ್ದು ಬಂದರು. ಅಡುಗೆಮನೆಯ ಹೊಸ್ತಿಲ ಆಚೆ ನಿಂತರು. ಅಕ್ಕ ಮನೆಯಲ್ಲಿರಲಿಲ್ಲ, ನಾನೊಬ್ಬಳೇ ಕಾಯಿ ತುರಿಯುತ್ತಿದ್ದೆ. ಎದ್ದು ನಿಂತೆ.

"ನರ್ಮದಾ," ಎಂದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. "ಡಾಕ್ಟ್ರು ಎಂತ ಹೇಳಿದ್ದ? ಎಲುಬಾ?"

ಕಣ್ಣು ಕೆಂಪಾಗಿತ್ತು. ಅಲ್ಲ ಎಂಬ ಒಂದು ಮಾತಿಗೆ ಕಾದು ನಿಂತಿದ್ದರು, ಅಲ್ಲ ಎಂದರೆ ಅಲ್ಲಿಂದಲೇ ಓಡಿ ಹೋಗಿ ಹಾಕಿಕೊಂಡು ಹೆಗಡೆಯವರ ಮನೆಗೆ ಹೊರಡುತ್ತಿದ್ದರು. ನನಗೆ ಕಿಟಕಿಯ ಹತ್ತಿರದ ಹೊಲಿಗೆಯ ಮಿಷನ್ನು ನೆನಪಾಯಿತು.

"ಎಲುಬೇ ಭಾವ," ಎಂದೆ. "ನಾ ಕೇಳಿದ್ದೆ."

"ಯಾವುದ್ರದ್ದಡ?"

"ಅದು ಕೇಳಿದ್ನಿಲ್ಲೆ."

ನಾನು ಒಂದು ಕೂಗಾಟಕ್ಕೆ, ಒಂದು ಬೈಗಳಿಗೆ, ಕಡೆಗೆ ಒಂದು ಅನುಮಾನಕ್ಕಾದರೂ ತಯಾರಾಗಿದ್ದೆ. ಹನ್ನೊಂದು ವರ್ಷ ಕೂಡಿಟ್ಟ ಉತ್ತರಗಳು ನಾಲಗೆಯ ತುದಿಯಲ್ಲಿದ್ದವು.

"ಆತು," ಎಂದರು ಭಾವ. ಹಿತ್ತಲಿಗೆ ಹೋಗಿ, ಗುದ್ದಲಿಯಿಂದ ತಾವೇ ಹೊಂಡ ತೋಡಿ, ಸೆಟ್ಟನ್ನು ಹೂಳಿ, ಸ್ನಾನ ಮಾಡಿ ಬಂದರು. ಆ ಮನೆಯಲ್ಲಿ ಅವರು ನನ್ನ ಮಾತನ್ನು ನಂಬಿದ್ದು ಅದೊಂದೇ ಸಲ.