ಎರಡು ಬಾಯಿಯ ಮೂಗ

ನಾನು ಒಂದು ಗ್ಯಾಸ್ ಒಲೆ. ನನಗೆ ಎರಡು ಬಾಯಿ, ಆದರೂ ನಾನು ಹುಟ್ಟು ಮೂಗ. ಬಾಯಿದ್ದವನು ಬರದಲ್ಲೂ ಬದುಕಿದ ಎಂದು ಯಾರಾದರೂ ಅಂದರೆ ನನಗೆ ಮೈ ಉರಿಯುತ್ತದೆ. ನನ್ನ ಬಾಯಿಂದ ಬೆಂಕಿ ಬಂದೀತು, ಮಾತು ಬಾರದು. ಒಂದೇ ಒಂದು ದಿನ, ಒಂದೇ ಒಂದು ಮಾತು ಬಂದಿದ್ದರೆ ಸಾಕಿತ್ತು. ಅದಕ್ಕಾಗಿ ನಾನು ಪಟ್ಟ ಪಾಡನ್ನೇ ನಿಮಗೆ ಹೇಳಹೊರಟಿದ್ದೇನೆ.

ನಾನು ಹುಟ್ಟಿದ್ದು ಒಂದು ಸಣ್ಣ ಕಾರ್ಖಾನೆಯಲ್ಲಿ. ಸ್ಟೀಲ್ ತಗಡನ್ನು ಅಚ್ಚಿನಲ್ಲಿ ಒತ್ತಿ ಮೈ ಮಾಡಿದರು. ಹಿತ್ತಾಳೆಯ ಎರಡು ಬರ್ನರ್ ಕೂರಿಸಿದರು, ಎರಡು ಕಪ್ಪು ನಾಬ್ ಸಿಕ್ಕಿಸಿದರು. ಕಡೆಗೆ ಕನ್ನಡಕದ ಹೆಂಗಸೊಬ್ಬಳು ನನ್ನನ್ನು ಮಟ್ಟಸವಾದ ಮೇಜಿನ ಮೇಲಿಟ್ಟು ಹಚ್ಚಿದಳು. ಉರಿ ನೀಲಿಯಾಗಿದೆಯೇ ಎಂದು ಬಗ್ಗಿ ನೋಡಿದಳು. ಪೈಪಿನ ಸಂದಿಗೊಂದಿಗೆಲ್ಲ ಸೋಪಿನ ನೊರೆ ಬಳಿದು, ಎಲ್ಲೂ ಗುಳ್ಳೆ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹಸಿರು ಚೀಟಿ ಅಂಟಿಸಿದಳು. ನಾನು ಸೋರುವ ಒಲೆಯಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಬೇರೆಯದೇ ಮಾತು ಕೇಳುತ್ತೀರಿ.

ಅಲ್ಲಿಂದ ಕುಂದಾಪುರದ ಒಂದು ಪಾತ್ರೆ ಅಂಗಡಿಗೆ ಬಂದೆ. ನನ್ನ ಪಕ್ಕದಲ್ಲಿ ಒಂದು ಕುಳ್ಳ, ಭಾರದ, ಕಪ್ಪು ಒಲೆ ಕೂತಿತ್ತು. ತಲೆಯ ಸುತ್ತ ಕಬ್ಬಿಣದ ಕಂಬಿ, ದನದ ಕೊಟ್ಟಿಗೆಗೆ ಬೇಲಿ ಹಾಕಿದ ಹಾಗೆ. ನನ್ನ ಹೊಳಪು ನೋಡಿಕೊಂಡು ಅದರ ರೂಪ ನೋಡಿದರೆ ನನಗೆ ನಗು ಬರುತ್ತಿತ್ತು. ಆಗ ನನಗೆ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಬೋಟುಗಳೆಲ್ಲ ಮಳೆಗಾಲದ ರಜೆಯಲ್ಲಿ ದಡ ಹತ್ತಿದ್ದಾಗ ಬಚ್ಚಣ್ಣ ಅಂಗಡಿಗೆ ಬಂದ. ಅರುವತ್ತರ ಹತ್ತಿರದ ಮನುಷ್ಯ. ಮೂವತ್ತು ವರ್ಷದಿಂದ ಮೀನಿನ ಬೋಟಿನಲ್ಲಿ ಅಡುಗೆ ಅವನದೇ. ಈಗ ಅವನ ಅಳಿಯ ತೇಜಪ್ಪನೇ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಜೊತೆಗೆ ಮಗಳು ಸುಗಂಧಿಯೂ ಬಂದಿದ್ದಳು.

"ಬೋಟಿಗೆ ಒಂದ್ ಒಲಿ ಬೇಕಿತ್ತ್," ಅಂದ ಬಚ್ಚಣ್ಣ. "ಹಳೆದ್ ತುಕ್ಕ್ ಹಿಡ್ದ್ ಹೋಯ್ತ್."

ಅಂಗಡಿಯವರು ಆ ಕುಳ್ಳನ ತಲೆ ತಟ್ಟಿದರು. "ಇದ್ ಕಾಣಿ. ಬೋಟಿಗಂದೇ ಮಾಡ್ದ್. ಸುತ್ತ ಕಂಬಿ ಇತ್ತ್, ಪಾತ್ರ ಜಾರುದಿಲ್ಲೆ. ಉರಿ ಆರಿ ಹೋದ್ರೆ ಗ್ಯಾಸ್ ತನ್ನಷ್ಟಕ್ಕೇ ನಿಲ್ಲತ್ತ್. ಹಚ್ಚುವತ್ತಿಗೆ ಮಾತ್ರ ನಾಬ್ ಒತ್ತಿ ಹಿಡ್ಕಂಡ್ ಹತ್ತ್ ಎಣಿಸ್ಕ್."

ಬಚ್ಚಣ್ಣ ಒತ್ತಿ ಹಿಡಿದು ಎಣಿಸಿದ. ಆರಕ್ಕೆ ಬಿಟ್ಟ. ಉರಿ ಪುಸಕ್ಕೆಂದು ಆರಿತು. ಇನ್ನೊಮ್ಮೆ ಎಣಿಸಿದ, ಮತ್ತೆ ಆರಕ್ಕೇ ಬಿಟ್ಟ.

"ಹತ್ತ್ ಎಣ್ಸುದ್ರೊಳ್ಗೆ ಬೋಟಿನವ್ರ್ ಹಸುವಿಂದ ನನ್ನನ್ನೇ ತಿಂಬ್ರ್!"

"ಅಪ್ಪಯ್ಯ, ಹತ್ತ್ ಎಣಿಸುಕೆ ಎಷ್ಟ್ ಹೊತ್ತ್ ಬೇಕ್? ಅದೇ ಇರ್ಲಿ," ಅಂದಳು ಸುಗಂಧಿ.

ಅಂಗಡಿಯವರೂ ದನಿಗೂಡಿಸಿದರು. "ಗ್ಯಾಸ್ ಗಾಳಿಗಿಂತ ಭಾರ. ಮನೆಯಾರೆ ಬಾಗಿಲ್ದಗೆ ಹೊರ್ಗ್ ಹೋತ್ತ್. ಬೋಟಿನಗೆ ಎಲ್ಲಿಗ್ ಹೋಪುದ್? ಹಲ್ಗಿ ಅಡಿಗಿಳ್ದ್ ಅಲ್ಲೇ ನಿಲ್ಲತ್ತ್. ಒಂದ್ ಕಿಡಿ ಬಿದ್ರೆ ಮುಗೀತ್. ಹಾಂ, ವಾಸ್ನಿ ಬತ್ತ್ ಅನ್ನಿ. ಮೂಗ್ ಚುರುಕ್ ಇದ್ದವ್ರಿಗೆ ಯಾವ ಒಲಿ ಆರೂ ಅಡ್ಡಿಲ್ಲೆ."

ಬಚ್ಚಣ್ಣನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ಜೋರಾಗಿ ನಕ್ಕ. "ಹಂಗಾರೆ ಇದೇ ಸಾಕ್," ಎಂದು ನನ್ನ ಮೇಲೆ ಕೈಯಿಟ್ಟ. "ನನ್ನ ಮೂಗ್ ಇತ್ತಲೆ! ಬುಟ್ಟಿ ಮುಚ್ಚಳ ತೆಗುಕ್ ಮುಂಚೆ ಮೀನ್ ತಾಜವೋ ಹಳ್ತೋ ಹೇಳ್ತೆ ನಾನ್."

ನಾನು ಹಿಗ್ಗಿ ಹೋದೆ. ಕುಳ್ಳ ಒಲೆ ಅಲ್ಲೇ ಉಳಿಯಿತು.

ಆ ಹಿಗ್ಗು ಒಂದು ವಾರವೂ ಬಾಳಲಿಲ್ಲ. ಬೋಟು ಇಳಿಯುವವರೆಗೆ ನನ್ನನ್ನು ಮನೆಯ ಹಿಂದಿನ ಜಗಲಿಯಲ್ಲಿಟ್ಟಿದ್ದರು. ಒಂದು ಮಧ್ಯಾಹ್ನ ಬಚ್ಚಣ್ಣ ನನ್ನ ಮೇಲೆ ಒಣ ಸಿಗಡಿ ಹುರಿಯುತ್ತಿದ್ದ. ಹುರಿಯುತ್ತ ಬೇಲಿಯಾಚೆ ಹೋಗುವವರನ್ನು ನೋಡುತ್ತ ಕೂತ. ಸಿಗಡಿ ಕೆಂಪಾಯಿತು, ಕಪ್ಪಾಯಿತು, ಹೊಗೆ ಎದ್ದಿತು. ನನ್ನಿಂದ ಎರಡು ಗೇಣು ದೂರದಲ್ಲಿ ಕೂತವನು ಅಲ್ಲಾಡಲಿಲ್ಲ. ಎದುರು ಬಾಗಿಲಿನಿಂದ ಸುಗಂಧಿ ಓಡಿ ಬಂದಳು.

"ಅಪ್ಪಯ್ಯ! ಕೇರಿಗಿಡೀ ಸೀದ ವಾಸ್ನಿ ಹೋಯ್ತ್, ನಿಮ್ಗೆ ಗೊತ್ತಾಯ್ಲಿಲ್ಯಾ?"

"ತೂಕಡಿಕಿ ಬಂತ್ ಮಗಾ."

ಅವಳು ಗೊಣಗುತ್ತ ಒಳಗೆ ಹೋದಳು. ಬಚ್ಚಣ್ಣ ಆ ಸುಟ್ಟ ಸಿಗಡಿಯನ್ನು ಅಂಗೈಯಲ್ಲಿ ತಿಕ್ಕಿ ಮೂಗಿಗೆ ಹಿಡಿದ. ಜೋರಾಗಿ ಉಸಿರೆಳೆದ. ಇನ್ನೊಮ್ಮೆ ಎಳೆದ. ಆಮೇಲೆ ನನ್ನ ಕಡೆ ಬಗ್ಗಿ, ಗುಟ್ಟು ಹೇಳುವವನ ಹಾಗೆ ಹೇಳಿದ. "ಆ ಕೆಟ್ಟ ಜ್ವರ ಬಂದ್ ಹೋದ್ಮೇಲೆ ನಂಗೆ ಎಂತದೂ ವಾಸ್ನಿ ಬತ್ತಿಲ್ಲೆ. ಎರಡ್ ವರ್ಷ ಆಯ್ತ್. ಮೀನ್ ಕಣ್ಣಗೇ ಕಂಡ್ ಹೇಳ್ತೆ, ಸಾರ್ ಬಣ್ಣ ಕಂಡ್ ಇಳಿಸ್ತೆ. ಅಳಿಯಂಗ್ ಗೊತ್ತಾರೆ ಬೋಟಿಂದ ಇಳಿಸ್ತ. ಸಮುದ್ರ ಬಿಟ್ರೆ ನಂಗೆಂತ ಇತ್ತ್? ನೀ ಯಾರಿಗೂ ಹೇಳ್ಬೇಡ."

ನನಗೆ ಅವತ್ತಿನಿಂದಲೇ ಹೆದರಿಕೆ ಶುರುವಾಯಿತು. ಅವನು ನನ್ನನ್ನು ಆರಿಸಿದ್ದು ನನ್ನ ಚೆಲುವಿಗಲ್ಲ, ಅವನ ಗುಟ್ಟು ಮುಚ್ಚುವುದಕ್ಕೆ. ಕಂಬಿ ಒಲೆ ಬೇಕೆಂದರೆ ಮೂಗಿನ ಮೇಲೆ ನಂಬಿಕೆಯಿಲ್ಲ ಎಂದು ಒಪ್ಪಿದಂತಾಗುತ್ತಿತ್ತಲ್ಲ. ಒಲೆ ಮೂಗ, ಅಡುಗೆಯವನ ಮೂಗು ಸತ್ತಿದೆ. ನಾವಿಬ್ಬರೂ ಸೇರಿ ಬೋಟಿನ ಆರು ಜನರ ಜೀವ ಕಾಯಬೇಕು. ಎಂಥ ಜೋಡಿ!

ರಜೆ ಮುಗಿಯಿತು. ನನ್ನನ್ನು ಬೋಟಿಗೆ ಹೊತ್ತು ತಂದರು. ಚುಕ್ಕಾಣಿ ಕೋಣೆಯ ಹಿಂದೆ ನಾಲ್ಕು ಮೆಟ್ಟಿಲು ಕೆಳಗೆ, ಮೂರು ಜನ ನಿಂತರೆ ತುಂಬುವ ಗೂಡಿನಲ್ಲಿ, ಹಲಗೆಗೆ ತಂತಿಯಿಂದ ಬಿಗಿದರು. ಸಿಲಿಂಡರನ್ನು ಮೇಲೆ ಕಟ್ಟಿ ಪೈಪ್ ಇಳಿಸಿದರು. ಹಲಗೆಯ ಅಡಿಯಲ್ಲಿ ಬೋಟಿನ ಹೊಟ್ಟೆ, ಆ ಹೊಟ್ಟೆಯೊಳಗೇ ಎಂಜಿನ್. ಡೀಸೆಲ್ಲೂ ಮೀನೂ ನೆನೆದ ಹಗ್ಗವೂ ಕೂಡಿ ಅಲ್ಲಿ ಒಂದು ಗಬ್ಬು ಕಾಯಂ ಇರುತ್ತದೆ. ನಾನು ಮಟ್ಟಸ ನೆಲದವನು, ಅಲ್ಲಿ ನಿಂತಲ್ಲಿ ನಿಲ್ಲುವ ವಸ್ತುವೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಪಾಲಿಗೆ ನೆಲವೇ ನಿಜವಾಗಿ ಡೊಂಕಾಗಿತ್ತು, ಹೇಳಿದರೆ ಯಾರು ನಂಬುತ್ತಾರೆ?

ಮೊದಲ ದಿನ ಬೆಳಿಗ್ಗೆ, ನದಿ ಕಡಲು ಸೇರುವ ಅಳಿವೆ ದಾಟಿ ಹೊರಗಿನ ನೀರಿಗೆ ಬಂದ ಮೇಲೆ ತೇಜಪ್ಪ ಎಂಜಿನ್ ನಿಲ್ಲಿಸಿ ಲಂಗರು ಬಿಟ್ಟ. ಹೊಸ ಒಲೆಯಲ್ಲಿ ಹಾಲು ಉಕ್ಕಿಸದೆ ಬಲೆ ಹಾಕುವುದುಂಟೇ? ಹೊಸ ಮನೆಗೆ ಉಕ್ಕಿಸುತ್ತಾರೆ, ಬೋಟಿನ ಒಲೆಗೂ ಉಕ್ಕಬೇಕು. ಸುಗಂಧಿ ಹಾಲು ಕಳಿಸಿದ್ದಳು. ಬಚ್ಚಣ್ಣ ನನಗೆ ಕುಂಕುಮವಿಟ್ಟು, ಬೆಂಕಿಪೆಟ್ಟಿಗೆಯನ್ನು ನನ್ನ ಕಾಲ ಬುಡದಲ್ಲಿಟ್ಟು, ಎಡದ ಬಾಯಿ ಹಚ್ಚಿ ಪಾತ್ರೆಯಿಟ್ಟ. ಎಲ್ಲರೂ ಮೆಟ್ಟಿಲ ಮೇಲಿಂದ ಬಗ್ಗಿ ನೋಡಿದರು. ಹಾಲು ಏರಿತು. ಬೋಟು ಪೂರ್ವಕ್ಕೆ ವಾಲಿದ ಹೊತ್ತಿಗೇ ಪೂರ್ವಕ್ಕೇ ಉಕ್ಕಿತು.

"ಉಕ್ತ್! ಮೂಡ್ ಬದಿಗೇ ಉಕ್ತ್!" ಎಂದು ಕೂಗೋ ಕೂಗು. ಇದಕ್ಕಿಂತ ಒಳ್ಳೆಯ ಶಕುನ ಬೇಕೇ? ಪಾತ್ರೆ ಇಳಿಸದೆ ಸೌಟಿನಲ್ಲೇ ಮೊಗೆದು ಎಲ್ಲರಿಗೂ ಲೋಟದಲ್ಲಿ ಸಕ್ಕರೆ ಹಾಕಿದ ಹಾಲು ಸಿಕ್ಕಿತು. ನಗುತ್ತ ಬಲೆ ಬಿಡಿಸಲು ಹೋದರು. ಬಚ್ಚಣ್ಣನೂ ಹೋದ.

ಉಕ್ಕಿದ ಹಾಲು ನನ್ನ ಎಡದ ಬಾಯಿಯ ಉರಿಯನ್ನು ಆರಿಸಿತ್ತು. ನಾಬ್ ತೆರೆದೇ ಇತ್ತು.

ಮನೆಯಲ್ಲಾದರೆ ಉಕ್ಕಿದ ಕೂಡಲೇ ಯಾರಾದರೂ ಮೂಗರಳಿಸಿ "ಗ್ಯಾಸ್, ಗ್ಯಾಸ್" ಅನ್ನುತ್ತಾರೆ. ಇಲ್ಲಿ ಆ ಸಡಗರದಲ್ಲಿ ಯಾರಿಗೂ ತೋಚಲಿಲ್ಲ. ಪಾತ್ರೆ ಮೇಲೆ ಕೂತಿದ್ದರಿಂದ ಉರಿ ಇದೆಯೋ ಇಲ್ಲವೋ ಕಾಣಲೂ ಇಲ್ಲ. ನನ್ನ ಉಸಿರು ಸುಮ್ಮನೆ ಹೊರಗೆ ಬರುತ್ತಿತ್ತು. ಹಲಗೆಯ ಸಂದಿನಲ್ಲಿ ಅದು ಕೆಳಗಿಳಿದು ಎಂಜಿನ್ನಿನ ಬುಡಕ್ಕೆ ಸೇರುವುದು ನನಗೆ ತಿಳಿಯುತ್ತಿತ್ತು. ನಿಲ್ಲಿಸಲು ನನ್ನ ಕೈಯಲ್ಲಿ ಆಗದು. ನನ್ನ ನಾಬ್ ತಿರುಗಿಸಲು ನನಗೆ ಕೈಯಿಲ್ಲ. ಯಾರಾದರೂ ಬನ್ನಿ, ಮೂಗಿರುವ ಯಾರಾದರೂ ಬನ್ನಿ ಎಂದು ಒಳಗೊಳಗೇ ಕಿರುಚಿದೆ. ಮೇಲೆ ಬಲೆಯ ಮಾತು, ತಮಾಷೆ, ಯಾರೋ ಶಿಳ್ಳೆ ಹಾಕುತ್ತಿದ್ದರು. ಹತ್ತು ನಿಮಿಷವಾಯಿತು. ಕಾಲು ಗಂಟೆಯಾಯಿತು.

ಕೊನೆಗೆ ಮೆಟ್ಟಿಲಿಳಿದು ಒಬ್ಬ ಬಂದ. ಬಚ್ಚಣ್ಣ! ಆರು ಜನರಲ್ಲಿ ಯಾರು ಬರಬಾರದಿತ್ತೋ ಅವನೇ ಬಂದ. ಕೈಯಲ್ಲಿ ಅಕ್ಕಿ ತೊಳೆದಿಟ್ಟ ಪಾತ್ರೆ.

ಅನ್ನದ ಪಾತ್ರೆಯನ್ನು ನನ್ನ ಬಲದ ಬಾಯಿಯ ಮೇಲಿಟ್ಟ. ಅಯ್ಯೋ ಬಚ್ಚಣ್ಣ, ಎಡಕ್ಕೆ ನೋಡು! ಅವನು ಎಡಕ್ಕೆ ನೋಡಲಿಲ್ಲ. ಬಗ್ಗಿ ಬೆಂಕಿಪೆಟ್ಟಿಗೆ ಎತ್ತಿಕೊಂಡ. ಕಡ್ಡಿ ತೆಗೆದ. ಗೀರಿದ.

ಕಡ್ಡಿಯ ಮದ್ದು ಬೆಣ್ಣೆಯ ಹಾಗೆ ಬಳಿದುಹೋಯಿತು. ಉಕ್ಕಿದ ಹಾಲು ನನ್ನ ತಟ್ಟೆಯಿಂದ ಹರಿದು ಕಾಲ ಬುಡದ ಬೆಂಕಿಪೆಟ್ಟಿಗೆಯನ್ನು ನೆನೆಸಿತ್ತು. ಇನ್ನೊಂದು ಕಡ್ಡಿ ಗೀರಿದ, ಅದು ಮುರಿಯಿತು. ಮೂರನೆಯದನ್ನು ಅಂಗಿಗೆ ಒರೆಸಿ, ಬಾಯಿಂದ ಊದಿ ಒಣಗಿಸಿ, ಪೆಟ್ಟಿಗೆಯ ಒಣಗಿದ ಮೂಲೆಗೆ ಇಟ್ಟು ಗೀರತೊಡಗಿದ. ಇವನ ತಾಳ್ಮೆ ನೋಡಿ! ಅಂಗಡಿಯಲ್ಲಿ ಹತ್ತು ಎಣಿಸಲಾರದವನು ಇಲ್ಲಿ ಒಂದೇ ಕಡ್ಡಿಯನ್ನು ಎಂಟು ಸಲ ಗೀರಿದ. ಪ್ರತಿ ಸಲವೂ ನಾನು ಸತ್ತು ಹುಟ್ಟಿದೆ. ಅವನನ್ನು ಬೈದೆ, ಬೇಡಿದೆ, ಅವನ ಮಗಳ ಹೆಸರು ಹಿಡಿದು ಕರೆದೆ. ಕಡೆಗೆ ಆ ಕಡ್ಡಿಯೂ ಸವೆಯಿತು.

"ತೇಜಪ್ಪ, ಲೈಟರ್ ಕೊಡ್ ಮಾರಾಯ! ಕಡ್ಡಿ ಎಲ್ಲ ಹಾಲ್ ಕುಡ್ದ್ ಹಾಳಾಯ್ತ್!" ಎಂದು ಕೂಗಿದ.

ಮುಗಿಯಿತು ಅಂದುಕೊಂಡೆ. ಲೈಟರಿಗೆ ಹಾಲಿನ ಹಂಗಿಲ್ಲ. ತೇಜಪ್ಪ ಹಚ್ಚದ ಬೀಡಿ ತುಟಿಗಿಟ್ಟುಕೊಂಡೇ ಮೆಟ್ಟಿಲಿಳಿದ. ಹೆಬ್ಬೆರಳು ಲೈಟರಿನ ಚಕ್ರದ ಮೇಲಿತ್ತು. ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಮೂರನೆಯದರಲ್ಲಿ ನಿಂತುಬಿಟ್ಟ. ಮೂಗು ಅರಳಿತು. ಬೀಡಿ ಕೆಳಗೆ ಬಿತ್ತು.

"ಗ್ಯಾಸ್! ಯಾರೂ ಬೆಂಕಿ ಹಚ್ಬೇಡಿ! ಎಂಜಿನ್ ಮುಟ್ಬೇಡಿ!"

ಲೈಟರನ್ನು ಸಮುದ್ರಕ್ಕೇ ಎಸೆದ. ಸಿಲಿಂಡರ್ ಮುಚ್ಚಿದ, ನನ್ನ ನಾಬ್ ತಿರುಗಿಸಿದ. ಹಲಗೆಗಳನ್ನು ಕಿತ್ತರು. ಆಮೇಲೆ ಬಾಲ್ದಿಗಳು ಬಂದವು. ಗ್ಯಾಸ್ ಭಾರ, ತಾನಾಗಿ ಮೇಲೆ ಬಾರದು, ನೀರಿನ ಹಾಗೆ ಮೊಗೆದೇ ಚೆಲ್ಲಬೇಕು. ಖಾಲಿ ಬಾಲ್ದಿಯನ್ನು ಬೋಟಿನ ಹೊಟ್ಟೆಗೆ ಇಳಿಸುವುದು, ಎತ್ತುವುದು, ಸಮುದ್ರಕ್ಕೆ ಸುರಿಯುವುದು. ಕಾಣದ್ದನ್ನು ಮೊಗೆಯುತ್ತಿದ್ದ ಆ ಐದು ಗಂಡಸರ ಮುಖದಲ್ಲಿ ರಕ್ತವೇ ಇರಲಿಲ್ಲ. ಆರನೆಯವನು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅವನ ಕೈಯಲ್ಲಿ ಇನ್ನೂ ಆ ಒದ್ದೆ ಬೆಂಕಿಪೆಟ್ಟಿಗೆ ಇತ್ತು.

ಎಲ್ಲ ಮುಗಿದು ಉಳಿದವರು ಮೇಲೆ ಹೋದಾಗ ತೇಜಪ್ಪ ನನ್ನ ಎಡದ ಬಾಯಿಯ ಹಾಲಿನ ಕೆನೆ ನೋಡಿದ. ಬಚ್ಚಣ್ಣನನ್ನು ನೋಡಿದ.

"ಮಾವ, ಇಷ್ಟ್ ವಾಸ್ನಿ. ನಿಮ್ಗೆ ಬರ್ಲಿಲ್ಯಾ?"

ಬಚ್ಚಣ್ಣ ತಲೆಯೆತ್ತಲಿಲ್ಲ. "ಇಲ್ಲೆ. ಎರಡ್ ವರ್ಷ ಆಯ್ತ್," ಅಂದ.

ಮೇಲಿಂದ ಯಾರೋ ಕೇಳಿದರು. "ಎಂತಾಯ್ತ್ ತಾಂಡೇಲ್ರೆ? ಮಾವ ನಾಬ್ ಮುಚ್ಚುಕ್ ಮರ್ತ್ರಾ?"

ತೇಜಪ್ಪ ಮೆಟ್ಟಿಲ ಕಡೆ ತಿರುಗಿದ. ಆಮೇಲೆ ಗಟ್ಟಿಯಾಗಿ ಹೇಳಿದ. "ಅವ್ರದ್ದೆಂತ ಇಲ್ಲೆ. ಒಲಿ ಸಮ ಇಲ್ಲೆ. ಲೀಕ್ ಇತ್ತ್."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂದರೆ ಇದೇ. ನೊರೆ ಬಳಿದು ಪರೀಕ್ಷೆ ಮಾಡಿದ ಮೈ ನನ್ನದು! ಒಂದು ಗುಳ್ಳೆ ಎದ್ದಿರಲಿಲ್ಲ! ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ. ತೇಜಪ್ಪ ನನ್ನ ತಂತಿ ಬಿಚ್ಚುತ್ತ ಮಾವನಿಗೆ ಮಾತ್ರ ಕೇಳುವಂತೆ ಹೇಳಿದ. "ಅಂಗಡಿಯಿಂದ ಆ ಕಂಬಿ ಒಲಿ ತಕಂಡ್ ಬಪ್ಪ. ಇನ್ಮೇಲೆ ಹಚ್ಚುಕ್ ಮುಂಚೆ ನಂಗೆ ಹೇಳಿ. ನಾನ್ ಮೂಸಿ ಕಾಂತೆ, ಆಮೇಲೆ ಹಚ್ಚಿ." ಬಚ್ಚಣ್ಣ ಹೆಗಲ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅದನ್ನು ನೋಡಿದ ಮೇಲೆ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ಆ ದಿನ ಬಲೆ ಹಾಕದೆ ದಡಕ್ಕೆ ಮರಳಿದರು. ನನ್ನ ಮೇಲೆ ಸೀಮೆಸುಣ್ಣದಿಂದ "ಲೀಕ್" ಎಂದು ಬರೆದು ಬಲೆ ಇಡುವ ಶೆಡ್ಡಿನ ಮೂಲೆಗೆ ಎಸೆದರು. ಉಪ್ಪುಗಾಳಿಗೆ ನನ್ನ ಹೊಳಪು ಒಂದೇ ವರ್ಷದಲ್ಲಿ ತಿಂದುಹೋಯಿತು. ಮುಂದಿನ ರಜೆಯಲ್ಲಿ ಬಚ್ಚಣ್ಣನೇ ನನ್ನನ್ನು ಗುಜರಿ ಅಂಗಡಿಗೆ ಹೊತ್ತು ತಂದ.

ಗುಜರಿಯವನು ತಕ್ಕಡಿ ತರಲು ಎದ್ದಾಗ ಬಚ್ಚಣ್ಣ ತಡೆದ. "ಒಂದ್ ಗಳಿಗಿ. ಇದನ್ನ್ ಮೂಸಿ ಕಾಣ್. ಹಾಲಿನ್ ವಾಸ್ನಿ ಇತ್ತಾ ಇನ್ನೂ?"

ಅವನು ವಿಚಿತ್ರವಾಗಿ ನೋಡಿ, ನನ್ನ ಎಡದ ಬಾಯಿಯ ಕಪ್ಪನ್ನು ಉಗುರಿನಿಂದ ಕೆರೆದು ಮೂಸಿದ. "ಉಂಟು. ಸ್ವಲ್ಪ ಸೀದ ಹಾಲಿನ ವಾಸನೆ."

"ಹಾಂ," ಅಂದ ಬಚ್ಚಣ್ಣ. ಕಣ್ಣು ಮುಚ್ಚಿಕೊಂಡು ತಾನೂ ಒಮ್ಮೆ ಉಸಿರೆಳೆದ. ಏನೂ ಬರಲಿಲ್ಲವೆಂದು ಮುಖವೇ ಹೇಳಿತು. ಗುಜರಿಯವನು ಒಳಗೆ ಹೋದ ಮೇಲೆ ನನ್ನ ಕಡೆ ಬಗ್ಗಿದ, ಅವತ್ತು ಜಗಲಿಯಲ್ಲಿ ಬಗ್ಗಿದ ಹಾಗೇ. "ಈಗ ಆ ಕಂಬಿ ಒಲಿಗೆ ಹತ್ತ್ ಎಣಿಸ್ತೆ ಮಾರಾಯ. ಆರಕ್ಕೆ ಬಿಡುದಿಲ್ಲೆ," ಅಂದ. ಆಮೇಲೆ ನನ್ನ ಮೇಲಿನ ಸೀಮೆಸುಣ್ಣದ ಅಕ್ಷರವನ್ನು ಬೈರಾಸಿನಿಂದ ಒರೆಸಿದ. "ನೀ ಯಾರಿಗೂ ಹೇಳ್ಲಿಲ್ಲೆ, ಅಲ್ದಾ?"

ಈಗ ಮುರುಕು ಫ್ಯಾನು, ತೂತು ಕೊಡಗಳ ನಡುವೆ ಮಲಗಿ ಆ ಪ್ರಶ್ನೆಯನ್ನೇ ನೆನೆಯುತ್ತೇನೆ. ಇನ್ನು ಕೆಲವು ದಿನಕ್ಕೆ ನನ್ನನ್ನು ಕರಗಿಸುತ್ತಾರೆ.

ಇಲ್ಲ ಬಚ್ಚಣ್ಣ, ನಾನು ಯಾರಿಗೂ ಹೇಳಲಿಲ್ಲ. ಹೇಳಲೇಬೇಕಿದ್ದ ದಿನವೂ ಹೇಳಲಾಗಲಿಲ್ಲ.