ಅಣ್ಣನ ಅಳತೆ

"ಇದನ್ನು ಬ್ಲೇಡಿನಲ್ಲಿ ಕೆತ್ತಿದ್ದು ಯಾರು?" ಎಂದು ಶರ್ಮಿಳಾ ಮೇಡಂ ಕೇಳಿದರು.

"ನಾನೇ ಮೇಡಂ," ಎಂದ ಓಸ್ವಾಲ್ಡ್. ಹೇಳುವಾಗ ಅವನ ಮುಖದಲ್ಲಿ ಸಣ್ಣ ಹೆಮ್ಮೆಯೂ ಇತ್ತು, ಪಾಪ. "ಮೊದಲು ಬ್ಲೇಡ್, ಆಮೇಲೆ ನೈಸಾಗ್ಲಿಕ್ಕೆ ಪಾಲಿಶ್ ಪೇಪರ್. ಒಂದು ಭಾನುವಾರ ಪೂರ್ತಿ ಕೂತಿದ್ದೇನೆ ಅದರ ಮೇಲೆ."

ಮಣಿಪಾಲದ ಆ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವವರು ಮೇಡಂ. ಅಂಗೈಯಲ್ಲಿದ್ದ ಕಿವಿಗೆ ಹಾಕುವ ಎರಡು ಮೆತ್ತನೆಯ ಪ್ಲಗ್ಗುಗಳನ್ನು ಟೇಬಲ್ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಎರಡು ವರ್ಷದ ಹಿಂದೆ, ಇದೇ ಕುರ್ಚಿಯಲ್ಲಿ ಓಸ್ವಾಲ್ಡ್‌ನನ್ನು ಕೂರಿಸಿ, ಅವನ ಕಿವಿಯೊಳಗೆ ಮೇಣದಂಥ ಹಿಟ್ಟು ತುಂಬಿ ಅಚ್ಚು ತೆಗೆದು, ಮುಂಬೈಗೆ ಕಳಿಸಿ ಇವನ್ನು ಮಾಡಿಸಿಕೊಟ್ಟದ್ದು ಅವರೇ. "ಹೋದದ್ದು ಬರುವುದಿಲ್ಲ, ಉಳಿದದ್ದನ್ನಾದರೂ ಉಳಿಸಿಕೊಳ್ಳಿ. ಡ್ರಮ್ ಬಾರಿಸುವಾಗ ತಪ್ಪದೆ ಹಾಕಿ. ಶಬ್ದ ಮಾತ್ರ ಕಡಿಮೆಯಾಗ್ತದೆ, ಸಂಗೀತ ಚೆನ್ನಾಗಿಯೇ ಕೇಳ್ತದೆ," ಎಂದು ಆವತ್ತು ಎರಡೆರಡು ಸಲ ಹೇಳಿದ್ದರು.

ಓಸ್ವಾಲ್ಡ್ ಎಲ್ಲ ಸರಿಯಾಗಿಯೇ ಕೇಳಿಸಿಕೊಂಡಿದ್ದ. ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಅವನ ಯೋಚನೆ ಬೇರೆ ದಾರಿ ಹಿಡಿಯಿತು. ಇಪ್ಪತ್ತೈದು ವರ್ಷ ದೊಡ್ಡ ಡ್ರಮ್ಮಿನ ಪೆಟ್ಟು ತಿಂದ ಕಿವಿ ತನ್ನದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಎಂತ ಪ್ರಯೋಜನ? ತಮ್ಮ ಇಮ್ಯಾನುಯೆಲ್‌ನ ಕಿವಿ ಹಾಗಲ್ಲ, ಅದು ಚಿನ್ನ. ರೇಡಿಯೋದಲ್ಲಿ ಒಂದು ಹಾಡು ಒಮ್ಮೆ ಬಂದರೆ ಸಾಕು, ಸಂಜೆಯೊಳಗೆ ಕ್ಲಾರಿನೆಟ್‌ನಲ್ಲಿ ನುಡಿಸಿ, ಬ್ಯಾಂಡಿನ ಹನ್ನೊಂದು ಜನರಿಗೂ ಅವರವರ ಪಾಠ ಹೇಳಿಕೊಟ್ಟು ಬಿಡುತ್ತಿದ್ದ. ಕಾಪುವಿನಿಂದ ಕಾರ್ಕಳದವರೆಗೆ ಮದುವೆ ದಿಬ್ಬಣದವರು ಇವರ ಬ್ಯಾಂಡನ್ನೇ ಹುಡುಕಿಕೊಂಡು ಬರುತ್ತಿದ್ದುದು ಆ ಕಿವಿಗಾಗಿ.

ಬ್ಯಾಂಡಿನವರ ಲೆಕ್ಕವೇ ಹಾಗೆ. ಅಲ್ಲಿ ಯಾವ ವಸ್ತುವೂ ಒಬ್ಬನದ್ದಲ್ಲ. ಅಪ್ಪನ ಕೆಂಪು ಕೋಟು ಓಸ್ವಾಲ್ಡ್‌ಗೆ ಬಂತು, ಅವನ ಹೊಟ್ಟೆ ಬೆಳೆದ ಮೇಲೆ ತೋಳು ಗಿಡ್ಡ ಮಾಡಿಸಿ ಇಮ್ಯಾನುಯೆಲ್‌ಗೆ ಹೋಯಿತು. ಟೊಪ್ಪಿ ದೊಡ್ಡದಾದರೆ ಒಳಗೆ ಪೇಪರ್ ಮಡಚಿಡುವುದು, ಬೂಟು ದೊಡ್ಡದಾದರೆ ಹತ್ತಿ ತುರುಕುವುದು. ಸರಿ ಮಾಡಿಕೊಳ್ಳಲಾಗದ್ದು ಎಂಬುದೇ ಇಲ್ಲ. ಹಾಗಾಗಿ ತಮ್ಮನಿಗೆ ಕೊಟ್ಟ ಆ ಪ್ಲಗ್ಗು ಅವನ ಕಿವಿಗೆ ಒತ್ತಿ ನೋಯಿಸಿದಾಗ ಓಸ್ವಾಲ್ಡ್ ಬ್ಲೇಡು ತಗೊಂಡ. ಒಂದಿಷ್ಟು ಕೆತ್ತುವುದು, ಹಾಕಿ ನೋಡು ಅನ್ನುವುದು, ಮತ್ತೆ ಕೆತ್ತುವುದು. ಕತ್ತಲಾಗುವ ಹೊತ್ತಿಗೆ ಇಮ್ಯಾನುಯೆಲ್ ನಕ್ಕ. "ಈಗ ನೋವೇ ಇಲ್ಲ ಅಣ್ಣ. ಹಾಕಿದ್ದೇ ಗೊತ್ತಾಗುವುದಿಲ್ಲ. ಎಲ್ಲ ಚೆನ್ನಾಗಿ ಕೇಳ್ತದೆ."

"ನೋಡಿದೆಯಾ! ಮೇಡಂ ಹೇಳಿದ್ದೂ ಅದನ್ನೇ!" ಎಂದು ಓಸ್ವಾಲ್ಡ್ ತಮ್ಮನ ಬೆನ್ನಿಗೆ ಗುದ್ದಿದ್ದ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆ ವರ್ಷವೇ ಬ್ಯಾಂಡಿಗೆ ಸ್ಪೀಕರ್ ಕಟ್ಟಿದ ಟೆಂಪೋ ಬಂದಿತ್ತು. ಮೊದಲೆಲ್ಲ ಶಬ್ದಕ್ಕೆ ಹೆದರಿ ದೂರ, ದಿಬ್ಬಣದ ಮುಂದೆಲ್ಲೋ ನಡೆಯುತ್ತಿದ್ದವನು ಇಮ್ಯಾನುಯೆಲ್. "ಈಗ ನಿನಗೆಂತ ಭಯ ಮಾರಾಯ? ಸ್ಪೀಕರಿನ ಹತ್ತಿರವೇ ನಿಲ್ಲು, ಮೈಕಿಗೆ ಕ್ಲಾರಿನೆಟ್ ಚೆನ್ನಾಗಿ ಸಿಗ್ತದೆ," ಎಂದದ್ದು ಅಣ್ಣ. ಅಣ್ಣನ ಮಾತು ಮೀರಿ ಗೊತ್ತಿಲ್ಲದ ತಮ್ಮ, ಎರಡು ವರ್ಷ ಅಲ್ಲೇ ನಿಂತ. ಯಾರನ್ನು ಬೈಯುವುದು ಹೇಳಿ.

ಕಳೆದ ತಿಂಗಳು ಹಿರಿಯಡ್ಕದ ಒಂದು ಮದುವೆಯಲ್ಲಿ ಅವನ ಕ್ಲಾರಿನೆಟ್‌ನ ಮೇಲಿನ ಸ್ವರ ಜಾರಿತು. ಜಾರಿದ್ದು ಎಲ್ಲರಿಗೂ ಗೊತ್ತಾಯಿತು, ಅವನೊಬ್ಬನನ್ನು ಬಿಟ್ಟು. ಅಲಾರಂ ಕೂಗಿದರೂ ಇವರು ಏಳುವುದಿಲ್ಲ ಎಂದು ತಮ್ಮನ ಹೆಂಡತಿ ಆಂಜೆಲಾ ಬಂದು ಹೇಳಿದ ಮೇಲೆ ಓಸ್ವಾಲ್ಡ್‌ಗೆ ಊಟ ಸೇರಲಿಲ್ಲ. ಅದಕ್ಕೇ ಇವತ್ತು ತಮ್ಮನನ್ನು ಕರೆದುಕೊಂಡು ಬಂದದ್ದು. ಅವನು ಚೀಟಿ ಮಾಡಿಸಲು ಕೆಳಗೆ ಹೋಗಿದ್ದ.

"ಓಸ್ವಾಲ್ಡ್," ಮೇಡಂ ಅವನಿಗೆ ತಿಳಿಯುವ ಹಾಗೆ ಮುಖ ಎದುರಿಟ್ಟು ನಿಧಾನವಾಗಿ ಹೇಳಿದರು, "ಇದು ಕೋಟು ಅಲ್ಲ. ಒಬ್ಬರ ಕಿವಿಯ ಹಾಗೆ ಇನ್ನೊಬ್ಬರ ಕಿವಿ ಇರುವುದಿಲ್ಲ, ಒಡಹುಟ್ಟಿದವರದ್ದಾದರೂ. ಕೂದಲಿನಷ್ಟು ಸಂದಿ ಉಳಿದರೆ ಸಾಕು, ಶಬ್ದ ಒಳಗೆ ನುಗ್ತದೆ. ಇಲ್ಲಿ ಬೆಂಕಿಕಡ್ಡಿ ತೂರುವಷ್ಟು ಕೆತ್ತಿದ್ದೀರಿ."

"ಮತ್ತೆ ಅವನು ಚೆನ್ನಾಗಿ ಕೇಳ್ತದೆ ಅಂದನಲ್ಲ?"

"ಕೇಳದೆ ಏನು? ತಡೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ."

ಓಸ್ವಾಲ್ಡ್‌ಗೆ ಆ ಮಾತು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಮುಟ್ಟಿದಾಗ ಟೇಬಲಿನ ಅಂಚು ಹಿಡಿದುಕೊಂಡ. "ದೇವರೇ, ನಾನೇ... ನಾನೇ ಅಲ್ವಾ ಮೇಡಂ ಅವನನ್ನು ಅಲ್ಲಿ ನಿಲ್ಲಿಸಿದ್ದು? ಇದನ್ನು ಹಾಕದೇ ಇದ್ದಿದ್ದರೆ ಅವನು ದೂರವೇ ಇರ್ತಿದ್ದ."

ಮೇಡಂ ಅಲ್ಲ ಎನ್ನಲಿಲ್ಲ. "ಮೊದಲು ಪರೀಕ್ಷೆ ಮಾಡುವ," ಎಂದರು.

"ಅವನಿಗೆ ಹೇಳ್ಬೇಡಿ. ನಾನೇ ಹೇಳ್ತೇನೆ."

ಇಮ್ಯಾನುಯೆಲ್ ಚೀಟಿ ಹಿಡಿದು ಬಂದ. ಅವನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟರು. ಎಷ್ಟು ಸಣ್ಣಗೆ ಕೇಳಿದರೂ ಸರಿ, ಕೇಳಿದ ಕೂಡಲೇ ಒತ್ತಬೇಕು. "ಇದು ನನಗೆ ಸುಲಭ ಮೇಡಂ," ಎಂದು ನಗುತ್ತಲೇ ಬಾಗಿಲು ಎಳೆದುಕೊಂಡ.

ಮೇಡಂ ಮೆಷಿನ್ ಚಾಲು ಮಾಡಿದರು. ಮೊದಮೊದಲು ತಗ್ಗಿನ ಸ್ವರಗಳಿಗೆ ಅವನು ಗುಂಡಿ ಒತ್ತಿದಂತೆ ಮೆಷಿನ್ನಿನ ಕೆಂಪು ದೀಪ ಪಟಪಟನೆ ಹತ್ತಿತು. ಗಾಜಿನ ಈಚೆ ನಿಂತ ಓಸ್ವಾಲ್ಡ್‌ಗೆ ಜೀವ ಬಂದ ಹಾಗಾಯಿತು. ಪ್ರತಿ ಸಲ ದೀಪ ಹತ್ತಿದಾಗಲೂ, "ಹಾಂ, ಹಾಂ," ಎಂದು ತಲೆಯಾಡಿಸಿದ. ಮೇಡಂ ಸ್ವರ ಏರಿಸಿದರು. ದೀಪ ತಡವಾಗಿ ಹತ್ತಿತು. ಇನ್ನೂ ಏರಿಸಿದರು. ಹತ್ತಲಿಲ್ಲ.

ಶಬ್ದ ಜೋರು ಮಾಡಿದರು. ಇನ್ನೊಂದಿಷ್ಟು ಜೋರು ಮಾಡಿದರು. ಒಳಗೆ ಇಮ್ಯಾನುಯೆಲ್ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ತಯಾರಾಗಿ, ಆರಾಮವಾಗಿ ಕೂತಿದ್ದ. ಕಾದು ಕಾದು ಕೊನೆಗೆ ಎದುರಿನ ಮೈಕಿಗೆ ಬಾಗಿದ. ಮೇಡಂ ಪಕ್ಕದ ಪುಟ್ಟ ಸ್ಪೀಕರಿನಲ್ಲಿ ಅವನ ದನಿ ಬಂತು. "ನಿಲ್ಲಿಸಿದಿರಾ ಮೇಡಂ?"

ಮೇಡಂ ಓಸ್ವಾಲ್ಡ್‌ನ ಕಡೆ ನೋಡಿದರು. ಅವರ ಕೈ ಇನ್ನೂ ಮೆಷಿನ್ನಿನ ಮೇಲೆಯೇ ಇತ್ತು, ಸ್ವರ ಹೋಗುತ್ತಲೇ ಇತ್ತು.

ಇಮ್ಯಾನುಯೆಲ್ ಗಾಜಿನಾಚೆಯಿಂದ ಅಣ್ಣನ ಮುಖ ನೋಡಿದ, ಎಂತ ಆಯ್ತು ಎಂದು ಹುಬ್ಬಿನಲ್ಲೇ ಕೇಳಿದ. ಓಸ್ವಾಲ್ಡ್ ಕೈ ಎತ್ತಿದ. ಸ್ವಲ್ಪ ತಡಿ, ಈಗ ಬರ್ತದೆ ಎಂದು ಸನ್ನೆ ಮಾಡಿದ.

ಸರಿ ಎಂದು ಇಮ್ಯಾನುಯೆಲ್ ತಲೆಯಾಡಿಸಿದ. ಬೆನ್ನು ನೆಟ್ಟಗೆ ಮಾಡಿಕೊಂಡು, ಚೆನ್ನಾಗಿ ಕೇಳಲೆಂದು ಕಣ್ಣು ಮುಚ್ಚಿಕೊಂಡ.